ಐದಡಿಯ ಮಂಚ

ಫೆಬ್ರವರಿ 3

ಅಕ್ಕಾ,

ಆ ವಿಡಿಯೋದಲ್ಲಿ ನಾನು ಮಲಗಿದ್ದ ಮಂಚ ಐದಡಿಯದು. ಮಾಡಿದವನು ನಾನೇ. ಒಂದೂವರೆ ವರ್ಷದಿಂದ ಈ ಮಾತನ್ನು ನಿನಗೆ ಹೇಳದೆ ಇಟ್ಟುಕೊಂಡಿದ್ದೇನೆ.

ಈ ದೇಶದಲ್ಲಿ ಕಟ್ಟಡ ಏಳುವ ಮೊದಲೇ ಒಂದು ಮಾದರಿ ಮನೆ ಮಾಡಿ ಜನರಿಗೆ ತೋರಿಸುತ್ತಾರೆ. ಕೋಣೆಯ ಅಳತೆ ನಿಜವಾದ ಮನೆಯದೇ. ಒಳಗಿನ ಸಾಮಾನು ಮಾತ್ರ ಕಾಲು ಭಾಗ ಚಿಕ್ಕದು. ಮಂಚ ಮೋಟು, ಮೇಜು ಗಿಡ್ಡ. ಸೋಫಾದಲ್ಲಿ ಇಬ್ಬರು ಕೂತರೆ ಮೂರನೆಯವರು ಅವರ ಮಡಿಲಲ್ಲಿ ಕೂರಬೇಕು. ಬೀರುವಿನಲ್ಲಿ ಅಂಗಿ ತೂಗುಹಾಕಿದರೆ ಬಾಗಿಲು ಮುಚ್ಚುವುದಿಲ್ಲ. ಕೋಣೆಯ ಬಾಗಿಲುಗಳನ್ನಂತೂ ಹಾಕುವುದೇ ಇಲ್ಲ, ತೆರೆದಾಗ ಮಂಚಕ್ಕೆ ಬಡಿಯುವುದು ಕಾಣಬಾರದಲ್ಲ. ನೋಡಲು ಬಂದವರಿಗೆ ಕೋಣೆ ಮೈದಾನದ ಹಾಗೆ ಕಾಣುತ್ತದೆ. ಈ ಸಾಮಾನು ಮಾಡುವುದೇ ನಮ್ಮ ಮರಗೆಲಸದ ಶೆಡ್ಡಿನ ಕೆಲಸ. ಮೇಸ್ತ್ರಿ ಮೊದಲ ಮಂಚವನ್ನು ನನ್ನೊಬ್ಬನ ಕೈಗೆ ಬಿಟ್ಟ ದಿನ ನನಗೆ ಹೆಮ್ಮೆಯಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಗಿಡ್ಡ ಅಂತ ಗೊತ್ತಾಗದ ಹಾಗೆ ಗಿಡ್ಡ ಮಾಡುವುದು ಸುಲಭವಲ್ಲ.

ಸೆಂಟು ನಿಮಗೆ ಮನೆ ತೋರಿಸಿದ ದಿನ ನೆನಪಿದೆಯಾ? ಅದೇ, ಮಾರಾಟದವನು. ನಮ್ಮ ಭಾಷೆಯವನೇ. ಅವನು ಬರುವುದಕ್ಕೆ ಮುಂಚೆ ಅವನ ಸೆಂಟಿನ ವಾಸನೆ ಬರುತ್ತದೆ, ಹಾಗಾಗಿ ಆ ಹೆಸರು ಇಟ್ಟಿದ್ದೇನೆ. ಫೋನು ಹಿಡಿದುಕೊಂಡು ನನ್ನನ್ನು ಮಂಚದ ಮೇಲೆ ಮಲಗಿಸಿ, ನಿಮ್ಮ ಹುಡುಗ ಮಲಗಿದ್ರೂ ಸುತ್ತ ಓಡಾಡೋಷ್ಟು ಜಾಗ ಇದೆ ನೋಡಿ ಅಂದ. ನಾನು ಮಂಡಿ ಮಡಚಿ ಪಕ್ಕಕ್ಕೆ ಹೊರಳಿ ಮಲಗಿದ್ದೆ. ಆ ಕಡೆಯಿಂದ ಭಾವ, ನೋಡು ಹೆಣ್ಣು ನೋಡೋಕೆ ಬಂದೋರ ಎದುರು ಮುದುಡಿಕೊಂಡ ಹಾಗೆ ಮುದುಡಿದ್ದಾನೆ ಅಂತ ನಕ್ಕರು. ನೀನೂ ನಕ್ಕೆ. ನಾನು ಬಾಯಿ ಬಿಡಲಿಲ್ಲ. ಆ ವಾರವೇ ನೀನು ಮೊದಲ ಕಂತು ಕಟ್ಟಿದೆ.

ಒಂದು ಸುಳ್ಳೂ ಹೇಳಲಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟ ಮೇಲೆ ನಾನು ಎಷ್ಟು ಕೆಲಸಕ್ಕೆ ಸೇರಿ ಎಷ್ಟು ಬಿಟ್ಟೆ ಅಂತ ನಿನಗೇ ಗೊತ್ತು. ಕಾಲು ನಿಂತದ್ದು ಇದೊಂದರಲ್ಲೇ. ಈ ಮನೆಗಳನ್ನು ಕಟ್ಟುವ ಕಂಪನಿಯ ಪರದೆಗಳೆಲ್ಲ ನಿನ್ನ ಅಂಗಡಿಯಲ್ಲಿ ಹೊಲಿಸುವ ಹಾಗೆ ಆದದ್ದೂ ನನ್ನಿಂದಲೇ. ಬಾಯಿ ಬಿಟ್ಟರೆ ಎರಡೂ ಹೋಗುತ್ತವೆ ಅನ್ನಿಸಿತು.

ಫೋನಿನಲ್ಲಿ ಹೇಳೋಣವೆಂದರೆ ಭಾವ ಸ್ಪೀಕರು ಹಾಕುತ್ತಾರೆ. ಅಂಗಡಿಯವರೆಲ್ಲ ಕೇಳುತ್ತಾರೆ. ಅದಕ್ಕೇ ಬಟ್ಟೆಯ ಮಾದರಿಗಳ ಜೊತೆ ಈ ಕಾಗದ. ಬೈಯುವುದಾದರೆ ಬೈದು ಬರೆ.

ನಿನ್ನ ತಮ್ಮ


ಫೆಬ್ರವರಿ 19

ನನ್ನ ಗಿರಗಿಟ್ಲೆ,

ಬೈಯೋದೇನಿದೆ? ಮೊದಲ ಸಾಲು ಓದಿ ಗಾಬರಿಯಾದೆ, ಪೂರ್ತಿ ಓದಿ ನಗು ಬಂತು. ಆ ಮಂಚಗಳಿಗೆ ಹೊದಿಕೆ ಹೊಲಿದು ಕಳಿಸಿದವಳು ನಾನು. ಅಳತೆ ನೋಡಿ ಮಕ್ಕಳ ಕೋಣೆಗಿರಬೇಕು ಅಂದುಕೊಂಡಿದ್ದೆ, ಎಲ್ಲ ಮನೆಯಲ್ಲೂ ಮಕ್ಕಳೇ ತುಂಬಿದ್ದಾರೆ, ಒಳ್ಳೇ ಜಾಗ ಅಂತ ಖುಷಿಯೂ ಪಟ್ಟಿದ್ದೆ.

ನಮ್ಮ ಅಂಗಡಿಯ ಗಾಜಿನೊಳಗೆ ನಿಂತಿದ್ದಾಳಲ್ಲ ಗೊಂಬೆ, ಅವಳಿಗೆ ಹಾಕಿದ ಫ್ರಾಕು ಮೈಗಂಟಿದ ಹಾಗೆ ಕೂರೋದು ಹೇಗೆ? ಹಿಂದೆ ಏಳೆಂಟು ಪಿನ್ನು ಚುಚ್ಚಿರ್ತೀನಿ. ಮುಂದಿನಿಂದ ನೋಡಿದವರಿಗೆ ಕಾಣಲ್ಲ. ಅದು ಮೋಸವಾ? ಅಂಗಡಿ ಅಂದಮೇಲೆ ಅಷ್ಟು ಇರುತ್ತದೆ. ನೀನು ಚಿಕ್ಕಂದಿನಿಂದ ಹೀಗೇ. ಪರೀಕ್ಷೆಯಲ್ಲಿ ಪಕ್ಕದವನು ಉತ್ತರ ತೋರಿಸಿದ ಅಂತ ನೀನೇ ಹೋಗಿ ಹೇಳಿ ಇಬ್ಬರೂ ಹೊರಗೆ ನಿಂತಿರಿ. ಅವನು ಇವತ್ತಿಗೂ ನನ್ನ ಕಂಡರೆ ಮುಖ ತಿರುಗಿಸುತ್ತಾನೆ.

ಆ ಮನೆಯಲ್ಲಿ ನಾವ್ಯಾರೂ ಮಲಗುವುದಿಲ್ಲ. ಬಾಡಿಗೆಗೆ ಕೊಡುವುದಕ್ಕೆ ತಾನೇ? ಮಂಚ ಬಾಡಿಗೆಗೆ ಬರುವವರ ಚಿಂತೆ.

ಇನ್ನೊಂದು ಸುದ್ದಿ. ಅಂಗಡಿಯಲ್ಲಿ ಕಾಜ ಹಾಕುವ ನಮ್ಮ ಕಾಜದಮ್ಮನೂ ಆ ಮನೆಯಲ್ಲಿ ಪಾಲು ಹಾಕುತ್ತೇನೆ ಅಂತ ಕೂತಿದ್ದಾಳೆ. ಕಾರ್ಖಾನೆಯಲ್ಲಿ ಅವಳ ಗಂಡನ ಬೆರಳುಗಳು ಹೋದಾಗ ಬಂದ ಹಣ ಇದೆಯಲ್ಲ, ಅದು. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಹುಡುಗಿಯೂ ಸ್ವಂತ ಮೆಷಿನ್ನಿಗೆ ಅಂತ ಕೂಡಿಟ್ಟದ್ದನ್ನು ತರುತ್ತಾಳಂತೆ. ನಾನು ಬೇಡ ಅಂದೆ. ಕಾಜದಮ್ಮ ಕತ್ತರಿ ಕೆಳಗಿಟ್ಟು, "ನೀನೊಬ್ಳೇ ವಿದೇಶದಲ್ಲಿ ಮನೆ ಮಾಡ್ಕೊಂಡು, ನಾವು ಇಲ್ಲೇ ಗುಂಡಿ ಹೊಲೀತಾ ಇರ್ಬೇಕಾ?" ಅಂದಳು. ತಮಾಷೆಗೇ ಅಂದಳು, ಆದರೂ ಚುಚ್ಚಿತು. ಎರಡನೇ ಕಂತಿಗೆ ಅಂಗಡಿಯನ್ನು ಬ್ಯಾಂಕಿಗೆ ಅಡ ಇಡೋಣ ಅಂತ ಭಾವ ಹೇಳುತ್ತಿದ್ದಾರೆ. ಬಾಡಿಗೆಯಿಂದಲೇ ಸಾಲ ತೀರುತ್ತದಂತೆ.

ನಿನ್ನನ್ನು ಕೇಳದೆ ನಾನು ಸಹಿ ಹಾಕುವುದಿಲ್ಲ. ಅದೇ ಕಂಪನಿಯ ಹಳೇ ಕಟ್ಟಡ ಇದೆಯಲ್ಲ, ನಮ್ಮ ಪರದೆಗಳು ಹೋಗುವುದು, ಅದರಲ್ಲಿ ಬಾಡಿಗೆಗೆ ಜನ ಇದ್ದಾರಾ? ಉದ್ದಕ್ಕೆ ಬರೆಯಬೇಡ. ಹೂಂ ಅಂದರೆ ಸಾಕು.

ಅಕ್ಕ


ಮಾರ್ಚ್ 8

ಅಕ್ಕಾ,

ಪರದೆ ಬಂಡಲು ತಲುಪಿತು. ಹಳದಿಯವುಗಳಲ್ಲಿ ಎರಡರ ಅಂಚು ಬಿಚ್ಚಿತ್ತು, ನಾನೇ ಕೈಯಲ್ಲಿ ಹೊಲಿಗೆ ಹಾಕಿದೆ. ಚಳಿ ಕಡಿಮೆಯಾಗಿದೆ. ಮೇಸ್ತ್ರಿಗೆ ಸೊಂಟ ಹಿಡಿದು ಹದಿನೈದು ದಿನದಿಂದ ಬಗ್ಗುವ ಕೆಲಸವೆಲ್ಲ ನನಗೇ ಬಂದಿದೆ. ಕೋಣೆಯಲ್ಲಿ ಈಗ ನಾವು ಮೂವರು, ಒಬ್ಬ ಗೊರಕೆ ಹೊಡೆಯುತ್ತಾನೆ, ಇನ್ನೊಬ್ಬ ಅವನಿಗೆ ನಿದ್ದೆಯಲ್ಲೇ ಬೈಯುತ್ತಾನೆ.

ನೀನು ಕೇಳಿದ್ದು. ಹಳೇ ಕಟ್ಟಡದಲ್ಲಿ ಎಲ್ಲ ಮಹಡಿಯಲ್ಲೂ ನಿನ್ನ ಪರದೆಗಳಿವೆ. ಸಂಜೆಯಾದರೆ ಮೇಲಿನಿಂದ ಕೆಳಗಿನವರೆಗೆ ದೀಪ ಉರಿಯುತ್ತದೆ. ಮುಖ್ಯ ರಸ್ತೆಯಿಂದಲೂ ಕಾಣುತ್ತದೆ.

ಪಿನ್ನಿನ ವಿಷಯ ಓದಿ ಸಮಾಧಾನವಾಯಿತು.

ನಿನ್ನ ತಮ್ಮ


ಮಾರ್ಚ್ 25

ಗಿರಗಿಟ್ಲೆ,

ಹೂಂ ಅನ್ನು ಅಂದರೆ ದೀಪ ಉರಿಯುತ್ತದೆ ಅಂತ ಬರೆದಿದ್ದೀಯ. ಯಾವಾಗಿನಿಂದ ಇಷ್ಟು ಚೆಂದ ಬರೆಯಲು ಕಲಿತೆ? ಆ ಸಾಲನ್ನು ಅಂಗಡಿಯಲ್ಲಿ ಜೋರಾಗಿ ಓದಿದೆ. ಮೆಷಿನ್ನುಗಳೆಲ್ಲ ನಿಂತವು. ಕಾಜದಮ್ಮ ಇನ್ನೊಮ್ಮೆ ಓದು ಅಂದಳು. ತಾನು ಹೊಲಿದ ಪರದೆಯ ಹಿಂದೆ ಯಾರೋ ದೀಪ ಹಚ್ಚಿಕೊಂಡು ಕೂತಿದ್ದಾರೆ ಅಂತ ಅವಳಿಗೆ ಕಣ್ಣು ತುಂಬಿತು. ಸೆಂಟು ನೂರು ಮಾತಾಡಿದರೂ ಅವಳು ದುಡ್ಡು ಬಿಚ್ಚಿರಲಿಲ್ಲ. "ಆ ಹುಡುಗ ತನ್ನ ತಲೆ ಹೋದ್ರೂ ಸುಳ್ಳು ಹೇಳಲ್ಲ" ಅಂದು ಮಾರನೇ ದಿನವೇ ತಂದುಕೊಟ್ಟಳು.

ಅಂಗಡಿಯ ಪತ್ರಗಳು ಬ್ಯಾಂಕಿಗೆ ಹೋದವು. ಸಹಿ ಹಾಕುವ ಮೊದಲು ಪೆನ್ನನ್ನು ಎರಡು ಸಲ ಕೆಳಗಿಟ್ಟೆ. ಭಾವ ಮೊಣಕೈಯಿಂದ ತಿವಿದು, ಕಾಜ ಕತ್ತರಿಸೋಕೆ ಹಿಂಜರಿಯದ ಕೈ ಇದಕ್ಯಾಕೆ ಹಿಂಜರೀತದೆ ಅಂದರು. ಎಲ್ಲರ ಹಣವೂ ಸೇರಿ ಎರಡನೇ ಕಂತು ಸೋಮವಾರ ಹೋಯಿತು. ಮನೆ ನನ್ನ ಹೆಸರಿನಲ್ಲಿ, ಅವರಿಬ್ಬರಿಗೂ ಪಾಲು ಅಂತ ನಾನು ಬರೆದುಕೊಟ್ಟಿದ್ದೇನೆ.

ನೀನು ಅಲ್ಲಿಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅಮ್ಮನ ಫೋಟೋ ಮುಂದೆ ನಿಂತು ಹೇಳಿದೆ, ಶಾಲೆ ಬಿಟ್ಟ ಅಂತ ಎಲ್ಲರೂ ಆಡಿಕೊಂಡರಲ್ಲ, ನೋಡು ಈಗ ಅಂತ.

ಅಕ್ಕ


ಏಪ್ರಿಲ್ 6

ಅಕ್ಕಾ,

ಆ ದೀಪಗಳನ್ನು ಹಚ್ಚುವವನು ನಾನು.

ಸಂಜೆ ಶೆಡ್ಡಿನ ಕೆಲಸ ಮುಗಿದ ಮೇಲೆ ಬೀಗದ ಕೈ ಗೊಂಚಲು ತೆಗೆದುಕೊಂಡು ಹಳೇ ಕಟ್ಟಡಕ್ಕೆ ಹೋಗುತ್ತೇನೆ. ಮೇಲಿನ ಮಹಡಿಯಿಂದ ಇಳಿಯುತ್ತಾ ಪ್ರತಿ ಮನೆಯ ಬೀಗ ತೆಗೆದು, ಒಂದು ದೀಪ ಹಾಕಿ, ಪರದೆಯನ್ನು ಅರ್ಧ ಎಳೆದು ಬರಬೇಕು. ಕೆಲವು ಮನೆಯಲ್ಲಿ ಎರಡು ದೀಪ, ಕೆಲವಕ್ಕೆ ಅಡುಗೆಮನೆಯದು ಮಾತ್ರ, ಎಲ್ಲ ಒಂದೇ ಥರ ಇದ್ದರೆ ಅನುಮಾನ ಬರುತ್ತದೆ. ಬಾಲ್ಕನಿಗಳಲ್ಲಿ ಹಳೇ ಟವೆಲು ಒಣಹಾಕುತ್ತೇವೆ. ವಾರಕ್ಕೊಮ್ಮೆ ಬದಲಾಯಿಸುತ್ತೇವೆ. ಒಳಗೆ ಕುರ್ಚಿಯೂ ಇಲ್ಲ. ನಲ್ಲಿ ತಿರುಗಿಸಿದರೆ ಕೆಂಪು ನೀರು. ಎರಡನೇ ಮಹಡಿಯಲ್ಲಿ ಒಂದು ಸಂಸಾರವಿದೆ, ಕಾವಲುಗಾರನದು. ಬೇರೆ ಯಾರೂ ಇಲ್ಲ. ಕಟ್ಟಡ ಮುಗಿದು ಮೂರು ವರ್ಷವಾಯಿತು.

ನೀನು ಹೂಂ ಅನ್ನು ಅಂದಿದ್ದೆ. ಹೂಂ ಅಂದರೆ ಸುಳ್ಳಾಗುತ್ತಿತ್ತು. ಊಹೂಂ ಅನ್ನಲು ಧೈರ್ಯ ಬರಲಿಲ್ಲ. ಪಿನ್ನಿನ ಮಾತು ಓದಿದ ಮೇಲಂತೂ, ಅಕ್ಕನೇ ತಪ್ಪಲ್ಲ ಅಂದಮೇಲೆ ನನ್ನದೇನು ಅನ್ನಿಸಿತು. ಹಾಗಾಗಿ ಎಲ್ಲಿ ಹಿಡಿದರೂ ನಿಜವೇ ಆಗಿರುವ ಒಂದು ಮಾತನ್ನು ಹುಡುಕಿದೆ. ಮೂರು ದಿನ ಹುಡುಕಿದೆ ಅಕ್ಕಾ. ಚೆಂದ ಇದೆ ಅಂದೆಯಲ್ಲ, ಅಷ್ಟು ಕಷ್ಟಪಟ್ಟು ನಾನು ಏನನ್ನೂ ಬರೆದಿರಲಿಲ್ಲ.

ನಿನ್ನ ಕಾಗದ ಬಂದ ದಿನ ಫೋನು ಮಾಡಿದ್ದೆ. ಭಾವ ಎತ್ತಿಕೊಂಡು, ಎಲ್ಲರೂ ಇದ್ದಾರೆ ಮಾತಾಡು ಅಂದರು. ಕಾಜದಮ್ಮ ದೂರದಿಂದ, ನಮ್ಮ ಮನೆ ಗೋಡೆಗೆ ಯಾವ ಬಣ್ಣ ಹೊಡೆಸ್ತೀಯಪ್ಪಾ ಅಂತ ಕೇಳಿದಳು. ಸಿಗ್ನಲ್ ಇಲ್ಲ ಅಂತ ಇಟ್ಟುಬಿಟ್ಟೆ. ಸಿಗ್ನಲ್ ಇತ್ತು.

ಇನ್ನು ಒಂದು ಕಾಸನ್ನೂ ಕಳಿಸಬೇಡ. ಮೂರನೇ ಕಂತು ಕಟ್ಟಬೇಡ. ಯಾರ ಮಾತನ್ನೂ ಕೇಳಬೇಡ, ನನ್ನದನ್ನೂ.

ನಿನ್ನ ತಮ್ಮ


ಏಪ್ರಿಲ್ 30

ಅಕ್ಕಾ,

ನಿನ್ನಿಂದ ಉತ್ತರವಿಲ್ಲ. ಈ ಸಲದ ಬಂಡಲಿನ ಮಡಿಕೆಗಳನ್ನೆಲ್ಲ ಬಿಚ್ಚಿ ನೋಡಿದೆ. ಪರದೆಗಳು ಮಾತ್ರ ಇದ್ದವು. ಅಷ್ಟು ಓದಿದ ಮೇಲೂ ಹೊಲಿದು ಕಳಿಸಿದ್ದೀಯ. ಯಾಕೆ ಅಂತ ತಿಳಿಯಲಿಲ್ಲ.

ಸೆಂಟಿನ ಆಫೀಸಿಗೆ ಹೋಗಿದ್ದೆ. ಅಲ್ಲಿ ತಣ್ಣಗಿರುತ್ತದೆ, ನೆಲ ನೋಡಿದರೆ ನಮ್ಮ ಮುಖ ಕಾಣುತ್ತದೆ. ಮರದ ಹೊಟ್ಟು ಮೆತ್ತಿದ ಬೂಟು ನೋಡಿ ಅಲ್ಲಿನ ಹುಡುಗಿ ಹಳೇ ಪೇಪರ್ ಹಾಸಿ ಅದರ ಮೇಲೆ ನಿಲ್ಲಿಸಿದಳು. ನನ್ನ ಅಕ್ಕನ ದುಡ್ಡು ವಾಪಸು ಬೇಕು ಅಂದೆ. ಸೆಂಟು ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

"ಕಾಗದದಲ್ಲಿ ಬಾಡಿಗೆ ಬರ್ತದೆ ಅಂತ ಎಲ್ಲಿದೆ ತೋರಿಸು" ಅಂದ.

ನೀನು ಬಾಯಲ್ಲಿ ಹೇಳಿದ್ದೀಯ ಅಂದೆ.

"ನಾನು ಹೇಳಿದ್ದನ್ನ ನಿಮ್ಮಕ್ಕ ನಂಬಿದ್ರಾ? ಇಲ್ಲ. ನಿನ್ನ ಕೇಳಿದ್ರು. ನೀನೇನು ಹೇಳ್ದೆ ಅಂತ ನಂಗೊತ್ತಿಲ್ಲ, ದುಡ್ಡಂತೂ ಬಂತು."

ಆಮೇಲೆ ಅವನೇ ಎದ್ದು ಬಂದು ಹೆಗಲ ಮೇಲೆ ಕೈ ಹಾಕಿ ಒಂದು ದಾರಿ ಹೇಳಿಕೊಟ್ಟ. ಕಂಪನಿ ವಾಪಸು ಕೊಡುವುದಿಲ್ಲ. ಆದರೆ ಮನೆಯನ್ನು ಇನ್ನೊಬ್ಬರ ಹೆಸರಿಗೆ ಮಾಡಿಕೊಡಬಹುದು. ಊರಿನಿಂದಲೇ ಯಾರನ್ನಾದರೂ ಹಿಡಿ, ಅವರು ನಿಮ್ಮ ಎರಡು ಕಂತಿನ ದುಡ್ಡು ನಿಮಗೆ ಕೊಟ್ಟು ಮುಂದಿನದನ್ನು ತಾವು ಕಟ್ಟಿಕೊಳ್ಳಲಿ ಅಂದ. ನಿನ್ನ ಮಾತನ್ನ ಜನ ನಂಬ್ತಾರಪ್ಪಾ, ಅದು ನನಗೆ ಇಲ್ಲದ ಭಾಗ್ಯ ಅಂತಲೂ ಅಂದ. ತಮಾಷೆಗಲ್ಲ.

ಏನನ್ನೂ ಮುಚ್ಚಿಡಬಾರದು ಅಂತ ಇದನ್ನೂ ಬರೆಯುತ್ತಿದ್ದೇನೆ. ಹಾಗೆ ಮಾಡೋಣ ಅಂತಲ್ಲ.

ಸಂಜೆಯ ಬೀಗದ ಕೈ ವಾಪಸು ಕೊಟ್ಟುಬಿಟ್ಟೆ. ಈಗ ಆ ಕೆಲಸಕ್ಕೆ ಬೇರೆಯವನನ್ನು ಹಾಕಿದ್ದಾರೆ.

ನಿನ್ನ ತಮ್ಮ


ಮೇ 20

ತಮ್ಮನಿಗೆ,

ಎರಡು ಕಾಗದವೂ ತಲುಪಿವೆ.

ನನ್ನ ಕಡೆಯಿಂದ ಮುಚ್ಚಿಟ್ಟದ್ದೂ ಒಂದು ಇದೆ. ಎರಡು ವರ್ಷದಿಂದ ಅಂಗಡಿಗೆ ಗಿರಾಕಿ ಇಲ್ಲ. ಜನ ಸಿದ್ಧ ಉಡುಪು ತೊಗೊಳ್ತಾರೆ, ಹರಿದರೆ ಎಸೀತಾರೆ. ನಿನ್ನ ಕಂಪನಿಯ ಪರದೆ ಬಿಟ್ಟರೆ ನಮ್ಮಲ್ಲಿ ಬೇರೆ ಬಟ್ಟೆ ಮೆಷಿನ್ನಿನ ಕೆಳಗೆ ಹೋಗಿಲ್ಲ. ಅದರ ಕೂಲಿಯಲ್ಲೂ ಅರ್ಧ ಮನೆಯ ಕಂತಿಗೇ ಜಮಾ ಆಗುತ್ತಿತ್ತು. ದೂರದಲ್ಲಿ ಒಬ್ಬನೇ ಇದ್ದೀಯ, ಚಿಂತೆ ಯಾಕೆ ಅಂತ ಹೇಳಿರಲಿಲ್ಲ. ಯಾಕೆ ಹೊಲಿದು ಕಳಿಸಿದೆ ಅಂತ ಕೇಳಿದ್ದೀಯ. ಹೊಲಿಯದಿದ್ದರೆ ಏನು ಮಾಡುವುದು?

ಭಾವನಿಗೆ ಹೇಳಿದೆ. ಮೂರನೇ ದಿನ ತಮ್ಮ ಗೆಳೆಯರೊಬ್ಬರನ್ನು ಕರೆದುಕೊಂಡು ಬಂದರು. ಶಾಲೆಯ ವ್ಯಾನು ಓಡಿಸುವವರು, ನಿನಗೂ ಗೊತ್ತು, ಚಿಕ್ಕವನಿದ್ದಾಗ ನಿನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳುತ್ತಿದ್ದರು. ಅವರ ತಂದೆಯ ಜಾಗ ಮಾರಿದ ದುಡ್ಡು ಕೈಗೆ ಬಂದಿದೆ. ಮನೆಯನ್ನು ತೆಗೆದುಕೊಳ್ಳಲು ಸಿದ್ಧ. ಫೋನಿನಲ್ಲಿ ನಿನ್ನ ಹತ್ತಿರ ಒಂದು ಮಾತು ಕೇಳಬೇಕಂತೆ, ಅಷ್ಟೇ.

ಕಾಜದಮ್ಮನಿಗೆ, ಹುಡುಗಿಗೆ ನಾನಿನ್ನೂ ಏನೂ ಹೇಳಿಲ್ಲ. ದಿನಾ ಬೆಳಗ್ಗೆ ಬಂದು ಕಾಜದಮ್ಮ ಗೋಡೆಯ ಬಣ್ಣದ ಮಾತು ತೆಗೆಯುತ್ತಾಳೆ. ನಾನು ಸೂಜಿಗೆ ದಾರ ಪೋಣಿಸುತ್ತಾ ಹೂಂ ಅನ್ನುತ್ತೇನೆ. ಅವರ ದುಡ್ಡು ಅವರಿಗೆ ಸಿಕ್ಕರೆ, ಅಂಗಡಿ ಉಳಿದರೆ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಎಲ್ಲ ಮುಗಿಯುತ್ತದೆ.

ಸುಳ್ಳು ಹೇಳು ಅಂತ ನಾನು ಯಾವತ್ತೂ ನಿನಗೆ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ನನಗೆ ಬರೆದ ಅದೇ ಮಾತನ್ನು ಅವರಿಗೂ ಹೇಳು. ಸಂಜೆ ದೀಪ ಉರಿಯುತ್ತದೆ ಅನ್ನು. ಅದು ನಿಜ ತಾನೇ? ನನ್ನ ಹತ್ತಿರ ಹೇಳಲು ಆದದ್ದು ಅವರ ಹತ್ತಿರ ಯಾಕೆ ಆಗುವುದಿಲ್ಲ?

ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಅಸಹ್ಯವಾಗುತ್ತಿದೆ. ಆದರೂ ಬರೆದಿದ್ದೇನೆ. ತಿಂಗಳ ಕೊನೆಯ ಭಾನುವಾರ ಫೋನು ಬರುತ್ತದೆ.

ಅಕ್ಕ


ಜೂನ್ 2

ಅಕ್ಕಾ,

ಫೋನಿನಲ್ಲಿ ನಡೆದದ್ದು ನಿನಗೆ ಗೊತ್ತು. ಸ್ಪೀಕರು ಹಾಕಿತ್ತು, ನೀನು ಅಲ್ಲೇ ಇದ್ದೆ, ನಿನ್ನ ಕೆಮ್ಮು ಕೇಳಿಸಿತು. ಆದರೂ ನನ್ನ ಕಡೆಯಿಂದ ಹೇಗಿತ್ತು ಅಂತ ಬರೆಯಬೇಕು.

ಆ ಮಾತನ್ನು ಹೇಳಲೆಂದೇ ಕೂತಿದ್ದೆ. ನಿಜವಾಗಿ ಹೇಳುತ್ತಿದ್ದೇನೆ. ಬೆಳಗ್ಗೆಯಿಂದ ಗುನುಗಿಕೊಂಡಿದ್ದೆ. ಕೇಳಿದ್ದು ಬೇರೆಯಾಗಿದ್ದರೆ, ಕಟ್ಟಡ ಹೇಗಿದೆ, ಜಾಗ ಹೇಗಿದೆ ಅಂದಿದ್ದರೆ, ಖಂಡಿತ ಹೇಳಿಬಿಡುತ್ತಿದ್ದೆ. ವ್ಯಾನಿನ ಮಾಮ ಮೊದಲು, ಊಟ ಆಯ್ತಾ ಮರಿ ಅಂದರು. ಆಮೇಲೆ ಕೇಳಿದರು.

"ನೋಡು ಮರಿ, ನಂಗೆ ಲೆಕ್ಕಪತ್ರ ಅರ್ಥ ಆಗಲ್ಲ. ಇದು ನಿನ್ನ ಸ್ವಂತ ದುಡ್ಡಾಗಿದ್ರೆ ಹಾಕ್ತಿದ್ಯಾ?"

ಅದಕ್ಕೆ ನನ್ನ ಹತ್ತಿರ ನಿಜವಾದ ಸುಳ್ಳು ಯಾವುದೂ ಸಿದ್ಧವಿರಲಿಲ್ಲ. ಹಾಕ್ತಿರಲಿಲ್ಲ ಮಾಮ ಅಂದೆ. ಅಲ್ಲಿ ಯಾರೂ ಇರಲ್ಲ, ಮನೆಗಳು ಖಾಲಿ ಅಂದೆ. ಅವರು, ಆಯ್ತು ಮರಿ, ಹುಷಾರು ಅಂದರು. ಕುರ್ಚಿ ಸರಿಸಿದ ಸದ್ದು ಕೇಳಿಸಿತು. ಭಾವ, "ನಮ್ಮ ಹತ್ರ ಬಾಯಿ ಹೊಲ್ಕೊಂಡಿದ್ದೆ, ಹೊರಗಿನವರ ಹತ್ರ ಹರಿಶ್ಚಂದ್ರ ಆದ್ಯಲ್ಲೋ" ಅಂದರು. ಫೋನು ಇಟ್ಟರು.

ಭಾವ ಹೇಳಿದ್ದು ಸರಿ. ನಿನಗೆ ಹೇಳಬೇಕಾಗಿದ್ದನ್ನು ಮಾಮನಿಗೆ ಹೇಳಿದೆ. ನಿನ್ನ ಅಂಗಡಿಯನ್ನು ಒಂದು ಸಲ ಬಾಯಿ ಮುಚ್ಚಿಕೊಂಡು ಕಳೆದೆ, ಇನ್ನೊಂದು ಸಲ ಬಾಯಿ ಬಿಟ್ಟು. ಮೊದಲನೆಯದಕ್ಕೆ ಕ್ಷಮೆ ಕೇಳುತ್ತೇನೆ. ಎರಡನೆಯದಕ್ಕೆ ಕೇಳಲು ಆಗುತ್ತಿಲ್ಲ. ಕೇಳಿದರೆ ನಾಟಕವಾಗುತ್ತದೆ. ಆದರೆ ಅವತ್ತಿನಿಂದ ಊಟ ಸೇರುತ್ತಿಲ್ಲ.

ಮಾತು ಹೇಗೋ ಸೆಂಟಿಗೆ ಮುಟ್ಟಿತು. ಕೆಲಸ ಬಿಡಿಸಿದರು, ಪರದೆಯ ಕೆಲಸವೂ ನಿಂತಿತು. ನಿನಗೆ ಬರಬೇಕಾದ ಕೂಲಿ ಕೇಳಿದೆ, ಕಂತಿಗೆ ಹಿಡಿದುಕೊಂಡಿದ್ದೇವೆ ಅಂದರು. ನನ್ನ ಎರಡು ತಿಂಗಳ ಸಂಬಳ ಮಾತ್ರ ಕೊಟ್ಟರು. ಅದು ಕಾಜದಮ್ಮನ ಗಂಡನ ಒಂದು ಬೆರಳಿಗೂ ಸಾಲುವುದಿಲ್ಲ. ಅವಳ ಕೈಗೇ ಕೊಡಬೇಕು. ಮೇಸ್ತ್ರಿ ತಮ್ಮ ಹಳೇ ಉಳಿಗಳಲ್ಲಿ ಎರಡನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟು, ಎಲ್ಲಾದ್ರೂ ಆರಡಿ ಮಂಚ ಮಾಡು ಹೋಗು ಅಂದರು.

ಕಾಜದಮ್ಮನಿಗೂ ಹುಡುಗಿಗೂ ನೀನು ಹೇಳಬೇಕಾಗಿಲ್ಲ. ಅದು ನನ್ನ ಕೆಲಸ. ಬಂದ ದಿನವೇ ಅಂಗಡಿಗೆ ಬಂದು, ಅವರು ಮೆಷಿನ್ನಿನಿಂದ ಏಳುವುದಕ್ಕೆ ಮುಂಚೆ ಹೇಳುತ್ತೇನೆ. ಕಾಜದಮ್ಮ ಕತ್ತರಿ ಎಸೆದರೂ ನಿಲ್ಲುತ್ತೇನೆ. ಆಮೇಲೆ ಬ್ಯಾಂಕಿಗೆ ಹೋಗೋಣ. ನೀನು ಬೇಡ ಅಂದರೆ ನಾನೊಬ್ಬನೇ ಹೋಗಿ ಕೇಳುತ್ತೇನೆ. ಊರಿನಲ್ಲಿ ಮರಗೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ಮೂಟೆ ಹೊರುತ್ತೇನೆ. ಈ ಸಲ ಬಿಟ್ಟು ಓಡುವುದಿಲ್ಲ ಅಂತ ಬರೆಯಲು ಹೊರಟೆ, ಆ ಮಾತಿಗೆ ಈಗ ಬೆಲೆಯಿಲ್ಲ. ನೋಡಿಕೋ.

ಈ ಕಾಗದವನ್ನು ಕಳಿಸುವುದಿಲ್ಲ. ಕಳಿಸಿದರೂ ಇದಕ್ಕಿಂತ ನಾನೇ ಮೊದಲು ಬಂದಿರುತ್ತೇನೆ. ಜೇಬಿನಲ್ಲಿಟ್ಟುಕೊಂಡು ಬರುತ್ತೇನೆ, ನಿನ್ನ ಎದುರು ಮಾತು ಹೊರಡದಿದ್ದರೆ ಇದನ್ನು ಕೊಡುತ್ತೇನೆ. ಬಸ್ ನಿಲ್ದಾಣಕ್ಕೆ ಯಾರೂ ಬರುವುದು ಬೇಡ ಅಂತ ಬರುವ ದಿನವನ್ನೂ ತಿಳಿಸಿಲ್ಲ.

ನಾಳೆ ಬೆಳಗ್ಗೆ ಹೊರಡುತ್ತಿದ್ದೇನೆ.

ನಿನ್ನ ತಮ್ಮ